ನನ್ನ ಮಂಡಿಯ ನಕಾಶೆ: ಒಬ್ಬ ಮೋಜಣಿದಾರನ ತಕರಾರು

ವರದಿಯ ಮೂರನೆಯ ಪುಟದಲ್ಲಿ ನನ್ನ ಬಲಮಂಡಿ ಒಂದು ಗುಡ್ಡದ ಹಾಗೆ ಮಲಗಿತ್ತು. ನೀಲಿ ಇಳಿಜಾರು, ಹಸಿರು ನೆತ್ತಿ, ಒಳಮಗ್ಗುಲಲ್ಲಿ ಬೊಟ್ಟಿನಷ್ಟು ಕೆಂಪು. ನಕಾಶೆ ಕೈಗೆ ಬಂದ ಕೂಡಲೇ ಅದರ ಮೂಲೆಯಲ್ಲಿ ಮಾನಕ ಎಲ್ಲಿದೆ, ಯಾವ ಉಪಕರಣದಿಂದ ಅಳೆದದ್ದು, ದೋಷ ಎಷ್ಟು ಎಂದು ಹುಡುಕುವುದು ನನ್ನ 31 ವರ್ಷಗಳ ಚಾಳಿ. ಮಾನಕ ಇತ್ತು: ಸೊನ್ನೆಯಿಂದ ಐದು ಮಿಲಿಮೀಟರ್, ಕೆಂಪೆಂದರೆ ತೆಳು, ನೀಲಿಯೆಂದರೆ ದಪ್ಪ. ದೋಷದ ಕಾಲಂ ಇರಲಿಲ್ಲ. ಹದಿನಾಲ್ಕು ಪುಟಗಳನ್ನು ಹಿಂದುಮುಂದಾಗಿ ತಿರುವಿದರೂ ಸಿಗಲಿಲ್ಲ. ನಾನು ಇಂಥ ನಕಾಶೆಯನ್ನು ಕಚೇರಿಗೆ ಕೊಟ್ಟಿದ್ದರೆ ಅಂದೇ ವಾಪಸು ಬರುತ್ತಿತ್ತು.

ಎಂಆರ್‌ಐ ಕಡತಗಳನ್ನು ಕಳುಹಿಸಿದರೆ ಕಂಪ್ಯೂಟರ್ ಅವುಗಳೊಳಗಿನ ಮೃದ್ವಸ್ಥಿಯನ್ನು, ಅಂದರೆ ಮೂಳೆಯ ತುದಿಗಳನ್ನು ಹೊದ್ದಿರುವ ನುಣುಪಾದ ಪದರವನ್ನು, ಗುರುತಿಸಿ, ದಪ್ಪ ಅಳೆದು, ಬಣ್ಣದ ನಕಾಶೆಯಾಗಿ ಹಿಂತಿರುಗಿಸುವ ಸೇವೆ ಇದು. ಎರಡು ಸಲ ಬಳಸಿದ್ದೇನೆ. ಹೆಸರು ಬೇಡ, ನಾನು ಹೇಳಬೇಕಾದದ್ದು ಇಂಥ ಯಾವ ಸೇವೆಯನ್ನು ಕೊಳ್ಳುವವರಿಗೂ ಉಪಯೋಗಕ್ಕೆ ಬಂದೀತು. ಐದರಲ್ಲಿ ಮೂರು ಅಂಕ ಕೊಡುತ್ತೇನೆ. ಎರಡನೆಯ ವರದಿ ಬರುವ ಮುಂಚೆ ಕೇಳಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ.

ನನ್ನದು ನೆಲ ಅಳೆಯುವ ಕೆಲಸ. ದಿನವಿಡೀ ಮುಕ್ಕಾಲಿಯ ಹಿಂದೆ ನಿಲ್ಲುವುದು, ಗೂಟ ಹೊಡೆಯಲು ಮಂಡಿಯೂರುವುದು, ಏಳುವುದು, ಮತ್ತೆ ಊರುವುದು. ನಿವೃತ್ತಿಗೆ ಎರಡು ವರ್ಷವಿರುವಾಗ ಮೆಟ್ಟಿಲು ಇಳಿಯುವಾಗ ಬಲಮಂಡಿಯ ಒಳಮಗ್ಗುಲು ಚುಚ್ಚತೊಡಗಿತು. ಹತ್ತುವಾಗ ಅಲ್ಲ, ಇಳಿಯುವಾಗ ಮಾತ್ರ. ಎಕ್ಸ್‌-ರೇ ತೆಗೆಸಿದೆ. ವೈದ್ಯರು ಅದನ್ನು ಬೆಳಕಿಗೆ ಹಿಡಿದು, "ಸ್ವಲ್ಪ ಸವೆದಿದೆ, ಎರಡನೆಯ ದರ್ಜೆ" ಎಂದರು. ಈ ಮೃದ್ವಸ್ಥಿ, ವೈದ್ಯರ ಮಾತಿನಲ್ಲಿ ಕಾರ್ಟಿಲೇಜ್, ಎಕ್ಸ್‌-ರೇಯಲ್ಲಿ ಕಾಣುವುದೇ ಇಲ್ಲ ಎಂದು ನನಗೆ ಗೊತ್ತಾದದ್ದು ಆಮೇಲೆ. ಕಾಣುವುದು ಮೇಲಿನ ಮೂಳೆ, ಕೆಳಗಿನ ಮೂಳೆ, ನಡುವಿನ ಖಾಲಿ ಜಾಗ. ಆ ಜಾಗ ಕಿರಿದಾದರೆ ಮೃದ್ವಸ್ಥಿ ಸವೆದಿರಬೇಕು ಎಂಬುದು ಊಹೆ. ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬಿಬ್ಬರು 1957ರಲ್ಲಿ ಕಟ್ಟಿಕೊಟ್ಟ ಸೊನ್ನೆಯಿಂದ ನಾಲ್ಕರವರೆಗಿನ ದರ್ಜೆಗಳೇ ಇಂದಿಗೂ ಚಾಲ್ತಿಯಲ್ಲಿವೆ. ಎರಡು ಮೂಳೆಗಳ ನಡುವೆ ಮೆನಿಸ್ಕಸ್ ಎಂಬ ಗಟ್ಟಿ ಮೆತ್ತೆಯೊಂದಿದೆ. ಅದು ತನ್ನ ಜಾಗ ಬಿಟ್ಟು ಹೊರಕ್ಕೆ ಜಾರಿದರೂ ಖಾಲಿ ಜಾಗ ಕಿರಿದಾಗುತ್ತದೆ. ಎರಡು ದಡಗಳ ಅಂತರ ನೋಡಿ ಕೆರೆಯ ಆಳ ಹೇಳಿದ ಹಾಗೆ.

ಹಾಗಾಗಿ ಎಂಆರ್‌ಐ. ಅದರಲ್ಲಿ ಮೃದ್ವಸ್ಥಿ ಕಾಣುತ್ತದೆ. ಆದರೆ ರೇಡಿಯಾಲಜಿಸ್ಟ್ ಬರೆದು ಕೊಟ್ಟದ್ದು ನಾಲ್ಕು ಸಾಲು. ಒಳಭಾಗದಲ್ಲಿ ಮೃದ್ವಸ್ಥಿ "ಮಧ್ಯಮ ಪ್ರಮಾಣದಲ್ಲಿ" ತೆಳುವಾಗಿದೆ. ಮಧ್ಯಮ ಎಂದರೆ ಎಷ್ಟು ಮಿಲಿಮೀಟರ್? ಪಕ್ಕದ ಜಮೀನು "ಮಧ್ಯಮ ಪ್ರಮಾಣದಲ್ಲಿ" ಒತ್ತುವರಿಯಾಗಿದೆ ಎಂದು ಬರೆದುಕೊಟ್ಟು ಬದುಕಿದ ಮೋಜಣಿದಾರನನ್ನು ನಾನು ಕಂಡಿಲ್ಲ. ಈ ಸೇವೆಯ ಜಾಹೀರಾತಿನಲ್ಲಿ "ಮಿಲಿಮೀಟರ್ ಲೆಕ್ಕದಲ್ಲಿ" ಎಂಬ ಮಾತು ಕಂಡಿತು. ಬಲೆಗೆ ಬಿದ್ದೆ.

ಕಡತ ಕಳುಹಿಸುವ ಹೊತ್ತಿಗೆ ಸಾಕುಸಾಕಾಯಿತು. ಸ್ಕ್ಯಾನ್ ಕೇಂದ್ರ ಕೊಟ್ಟದ್ದು ಸಿ.ಡಿ., ನನ್ನ ಲ್ಯಾಪ್‌ಟಾಪಿನಲ್ಲಿ ಸಿ.ಡಿ. ಹಾಕುವ ಬಾಯಿಯೇ ಇಲ್ಲ. ಹೇಗೋ ನಕಲು ಮಾಡಿಸಿಕೊಂಡರೆ ಅರ್ಥವಾಗದ ಹೆಸರುಗಳ ನೂರಾರು ಕಡತಗಳು. ಮೂರು ಸಲ ಅರ್ಧಕ್ಕೆ ನಿಂತಿತು, ನಾಲ್ಕನೆಯ ಸಲ ಹೋಯಿತು. ಇದರಲ್ಲಿ ಸೇವೆಯ ತಪ್ಪೇನೂ ಇಲ್ಲ. ಅವರ ತಪ್ಪು ಬೇರೆ: ಎಂಆರ್‌ಐ ಕಡತಗಳ ತಲೆಬರಹದಲ್ಲಿ ರೋಗಿಯ ಹೆಸರು, ಹುಟ್ಟಿದ ದಿನ ಎಲ್ಲ ಇರುತ್ತವೆ, ಅವನ್ನು ಅಳಿಸಿಯೇ ಇಟ್ಟುಕೊಳ್ಳುತ್ತೇವೆ ಎಂದು ಮಾತು ಕೊಟ್ಟಿದ್ದರು. ಕಡತವನ್ನು ಮತ್ತೆ ಇಳಿಸಿಕೊಂಡು ತೆರೆದು ನೋಡಿದೆ. ಹೆಸರು ಹೋಗಿತ್ತು, ಹುಟ್ಟಿದ ದಿನ ಹಾಗೆಯೇ ಕುಳಿತಿತ್ತು. ಪತ್ರ ಬರೆದ ಮೇಲೆ ಅಳಿಸಿದರು.

ಎರಡು ದಿನಗಳಲ್ಲಿ ಮೊದಲ ವರದಿ ಬಂತು. ಈಗ ಹೊಗಳಬೇಕಾದದ್ದನ್ನು ಹೊಗಳುತ್ತೇನೆ. ಆ ಕೆಂಪು ಬೊಟ್ಟು ನಾನು ಬೆರಳಿಟ್ಟು ತೋರಿಸುತ್ತಿದ್ದ ಜಾಗದಲ್ಲೇ ಇತ್ತು: ತೊಡೆಮೂಳೆಯ ಕೆಳತುದಿಯ ಒಳಮಗ್ಗುಲಿನ ಉಬ್ಬು ದೇಹದ ಭಾರ ಹೊರುವ ಕಡೆ. ಅಲ್ಲಿ ದಪ್ಪ 1.4 ಮಿಲಿಮೀಟರ್, ಸುತ್ತ ಎರಡೂವರೆಯ ಆಸುಪಾಸು. "ಮಧ್ಯಮ" ಎಂಬ ಪದಕ್ಕಿಂತ ಇದು ನೂರು ಪಾಲು ವಾಸಿ. ಅದಕ್ಕಿಂತ ಹಿಡಿಸಿದ್ದು, ಕಂಪ್ಯೂಟರ್ ಎಳೆದ ಗೆರೆಯನ್ನು ಮೂಲ ಚಿತ್ರದ ಮೇಲೆ ಪದರ ಪದರವಾಗಿ ತೆರೆದಿಟ್ಟದ್ದು. ಬೂದು ಚಿತ್ರ, ಅದರ ಮೇಲೆ ಕೂದಲೆಳೆಯಷ್ಟು ಹಳದಿ ಗೆರೆ. ಇದನ್ನು ತೋರಿಸದೆ ಬರೀ ಬಣ್ಣದ ಗುಡ್ಡ ಕೊಡುವ ಸೇವೆಯಾದರೆ ಹತ್ತಿರವೂ ಹೋಗಬೇಡಿ. ಜಾಗದಲ್ಲೇ ಅಳತೆ ಬರೆದುಕೊಂಡ ಕ್ಷೇತ್ರಪುಸ್ತಕ ತೋರಿಸದವನ ನಕಾಶೆಯನ್ನು ನಂಬುವುದು ಹೇಗೆ?

ಎರಡು ಸಂಜೆ ಕುಳಿತು ನನ್ನ 24 ಪದರಗಳನ್ನೂ ನೋಡಿದೆ. ನಾನು ವೈದ್ಯನಲ್ಲ; ಆದರೆ ಗಡಿ ಎಲ್ಲಿ ಹೋಗುತ್ತಿದೆ ಎಂದು ನೋಡುವುದಕ್ಕೆ ವೈದ್ಯನೇ ಆಗಬೇಕಿಲ್ಲ. ಮೂಳೆ ಕಪ್ಪು, ಕೀಲಿನ ದ್ರವ ಬಿಳಿ, ಮೃದ್ವಸ್ಥಿ ನಡುವಿನ ಬೂದು. 21 ಪದರಗಳಲ್ಲಿ ಗೆರೆ ನಾನು ಎಳೆದಿದ್ದರೂ ಅಲ್ಲೇ ಬರುತ್ತಿತ್ತು. ಮೂರರಲ್ಲಿ ತಪ್ಪಿತ್ತು. ಎರಡು ಕಡೆ ಗೆರೆ ಮೃದ್ವಸ್ಥಿಯನ್ನು ದಾಟಿ ದ್ರವದೊಳಕ್ಕೆ ನುಗ್ಗಿತ್ತು. ಮೂರನೆಯದು ಮಂಡಿಚಿಪ್ಪಿನ ಹಿಂದೆ: ಅಲ್ಲಿ ಒಂದು ಸಣ್ಣ ಕಚ್ಚು ಬರಿಗಣ್ಣಿಗೇ ಕಾಣುತ್ತಿದ್ದರೂ ಗೆರೆ ಅದರ ಮೇಲೆ ಸೇತುವೆ ಕಟ್ಟಿದ ಹಾಗೆ ನೆಟ್ಟಗೆ ಹಾದುಹೋಗಿತ್ತು. "ತಪ್ಪು ಗುರುತು" ಎಂಬ ಗುಂಡಿ ಒತ್ತಿದೆ. ನಾಲ್ಕು ದಿನಗಳಲ್ಲಿ ಯಾರೋ ಮನುಷ್ಯರೇ ಕುಳಿತು ಮೂರನ್ನೂ ತಿದ್ದಿ ಹೊಸ ವರದಿ ಕಳುಹಿಸಿದರು.

ಆ ಸೇತುವೆಯ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. ತಮ್ಮ ನಿಖರತೆಗೆ ಸಾಕ್ಷಿಯಾಗಿ ಸೇವೆಯವರು ಡೈಸ್ ಅಂಕ 0.88 ಎಂದು ಮೊದಲ ಪುಟದಲ್ಲೇ ಅಚ್ಚು ಹಾಕಿದ್ದಾರೆ. ತಜ್ಞರು ಕೈಯಿಂದ ಗುರುತಿಸಿದ ಪ್ರದೇಶ ಒಂದು, ಕಂಪ್ಯೂಟರ್ ಗುರುತಿಸಿದ್ದು ಇನ್ನೊಂದು. ಎರಡನ್ನೂ ಒಂದರ ಮೇಲೊಂದು ಹಾಸಿದರೆ ಎಷ್ಟು ಹೊಂದುತ್ತವೆ ಎಂಬುದರ ಅಳತೆ ಅದು. ಪೂರ್ತಿ ಹೊಂದಿದರೆ 1, ಒಂದಿಷ್ಟೂ ಹೊಂದದಿದ್ದರೆ 0. ಕೇಳಲು ಚೆನ್ನಾಗಿದೆ. ಆದರೆ ನೂರು ಎಕರೆಯ ನಕಾಶೆಯಲ್ಲಿ ಒಂದು ಬಾವಿಯನ್ನು ಗುರುತಿಸದೆ ಬಿಟ್ಟರೂ ವಿಸ್ತೀರ್ಣದ ಲೆಕ್ಕ ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತದೆ. ಕತ್ತಲಲ್ಲಿ ನಡೆಯುವವನಿಗೆ ಬೇಕಾದದ್ದು ಆ ಬಾವಿ. ಮೃದ್ವಸ್ಥಿಯಲ್ಲೂ ಸವೆತ ಮೊದಲಾಗುವುದು ಇಂಥ ಚಿಕ್ಕ ಕಚ್ಚುಗಳಲ್ಲಿ ಆಗಬಹುದು. ಅಂಕ ಎತ್ತರದಲ್ಲೇ ಇರುತ್ತದೆ, ಕಚ್ಚು ಮುಚ್ಚಿಹೋಗಿರುತ್ತದೆ.

ಈ ತಂತ್ರಾಂಶ ನೋಡಲು ಕಲಿಯುವುದು ಹೇಗೆ ಎಂದು ಓದಿದಾಗ ಇನ್ನೊಂದು ಸಂಗತಿ ತಿಳಿಯಿತು. ವೈದ್ಯಕೀಯ ಚಿತ್ರಗಳಲ್ಲಿ ಗಡಿ ಎಳೆಯಲೆಂದೇ 2015ರಲ್ಲಿ ರೂಪಿಸಿದ ಯು-ನೆಟ್ ಎಂಬ ನರಜಾಲ ವಿಧಾನವೇ (ಉದಾಹರಣೆಗಳನ್ನು ನೋಡಿ ತಾನೇ ಕಲಿಯುವ ಬಗೆಯದು) ಇಂಥ ಬಹಳಷ್ಟು ತಂತ್ರಾಂಶಗಳ ಮೂಲ. ಅದಕ್ಕೆ ಪಾಠ ಹೇಳಲು ಸಾಮಾನ್ಯವಾಗಿ ಬಳಸುವುದು ಅಮೆರಿಕದ ಆಸ್ಟಿಯೊಆರ್ಥ್ರೈಟಿಸ್ ಇನಿಷಿಯೇಟಿವ್ ಎಂಬ ದೊಡ್ಡ ಅಧ್ಯಯನದ ಚಿತ್ರಗಳು: 45ರಿಂದ 79 ವರ್ಷದ 4,796 ಮಂದಿ, 2004ರಿಂದ ವರ್ಷಗಟ್ಟಲೆ ಮತ್ತೆ ಮತ್ತೆ ತೆಗೆದ ಮಂಡಿಯ ಎಂಆರ್‌ಐಗಳು. ಎಲ್ಲವೂ 3 ಟೆಸ್ಲಾ ಯಂತ್ರದವು; ಟೆಸ್ಲಾ ಎಂದರೆ ಯಂತ್ರದ ಕಾಂತಕ್ಷೇತ್ರದ ಬಲದ ಅಳತೆ. ಮೃದ್ವಸ್ಥಿ ಅಳೆಯಲೆಂದು ತೆಗೆದವುಗಳಲ್ಲಿ ಪದರದ ದಪ್ಪ 0.7 ಮಿಲಿಮೀಟರ್. ನನ್ನ ಸೇವೆಯ ವಿವರಣೆಯಲ್ಲೂ ಇದೇ ಅಧ್ಯಯನದ ಹೆಸರಿದೆ. ನನ್ನ ಸ್ಕ್ಯಾನ್ 1.5 ಟೆಸ್ಲಾ ಯಂತ್ರದ್ದು, ಪದರದಿಂದ ಪದರಕ್ಕೆ 3.5 ಮಿಲಿಮೀಟರ್. ಅಂದರೆ ಅಡಿಗೊಂದು ಕಡೆ ಮಟ್ಟ ನೋಡಿ ಪಾಠ ಕಲಿತವನಿಗೆ ಐದು ಅಡಿಗೊಂದು ಅಂಕಿ ಕೊಟ್ಟು ಗುಡ್ಡದ ರೇಖೆ ಎಳೆ ಎಂದಂತಾಯಿತು. ಎಳೆಯುತ್ತಾನೆ. ನುಣ್ಣಗೆ, ಚೆಂದವಾಗಿ ಎಳೆಯುತ್ತಾನೆ. ನಡುವಿನ ನಾಲ್ಕು ಅಡಿ ಅವನ ಕಲ್ಪನೆ. ಅದರಲ್ಲೂ ತೊಡೆಮೂಳೆಯ ಉಬ್ಬು ದುಂಡಗಿರುವುದರಿಂದ ಅಂಚಿನ ಪದರಗಳು ಮೃದ್ವಸ್ಥಿಯನ್ನು ಓರೆಯಾಗಿ ಕೊಯ್ಯುತ್ತವೆ. ಒಂದೇ ಚುಕ್ಕೆಯಲ್ಲಿ ಮೂಳೆ, ಮೃದ್ವಸ್ಥಿ, ದ್ರವ ಮೂರೂ ಬೆರೆತು ಯಾವುದೂ ಅಲ್ಲದ ಬೂದು ಆಗುತ್ತದೆ. ವರದಿಯ ಗುಡ್ಡದಲ್ಲಿ ಅಂಚು ನಡುವಿನಷ್ಟೇ ಖಚಿತವಾಗಿ ಹೊಳೆಯುತ್ತಿತ್ತು. ಅಳೆದದ್ದಕ್ಕೆ ಪೂರ್ಣರೇಖೆ, ಅಂದಾಜಿಗೆ ತುಂಡುರೇಖೆ ಎಂಬ ನಮ್ಮ ಕಸುಬಿನ ಮೊದಲ ಪಾಠ ಇವರಿಗೆ ಯಾರೂ ಹೇಳಿಲ್ಲ.

ಇಷ್ಟಾದರೂ ನಾನು ಸಂತುಷ್ಟನೇ ಆಗಿದ್ದೆ. ಹದಿನಾಲ್ಕು ತಿಂಗಳ ನಂತರ ಮಂಡಿ ಉಳುಕಿತು. ಬೇರೆ ಕೇಂದ್ರದಲ್ಲಿ, 3 ಟೆಸ್ಲಾ ಯಂತ್ರದಲ್ಲಿ, ಇಡೀ ದಿನ ಕೆಲಸದ ಮೇಲೆ ಓಡಾಡಿ ಸಂಜೆ ಏಳರ ಹೊತ್ತಿಗೆ ಇನ್ನೊಂದು ಎಂಆರ್‌ಐ ಆಯಿತು. ಹಳೆಯದಕ್ಕೆ ಹೋಲಿಸಿ ನೋಡೋಣವೆಂದು ಅದನ್ನೂ ಕಳುಹಿಸಿದೆ.

ವರದಿಯ ಮೊದಲ ಪುಟದಲ್ಲಿ ಕೆಳಮುಖದ ಕೆಂಪು ಬಾಣ. ಒಳಭಾಗದ ಸರಾಸರಿ ದಪ್ಪ: ಶೇಕಡಾ 8 ಇಳಿಕೆ. ಪಕ್ಕದಲ್ಲೇ "ಮಂಡಿಯ ವಯಸ್ಸು 67". ನನಗೆ ಆಗ 59.

ಮೂರು ರಾತ್ರಿ ನಿದ್ದೆ ಬರಲಿಲ್ಲ. ವರ್ಷಕ್ಕೆ ಇಷ್ಟು ಹೋದರೆ ಎಷ್ಟು ವರ್ಷಕ್ಕೆ ಮುಗಿಯುತ್ತದೆ ಎಂದು ಹಾಸಿಗೆಯಲ್ಲೇ ಭಾಗಿಸುತ್ತ ಮಲಗಿದೆ. ಮೃದ್ವಸ್ಥಿಗೆ ರಕ್ತನಾಳಗಳಿಲ್ಲ, ಹೋದದ್ದು ಹಾಗೆ ಬೆಳೆದುಬರುವುದಿಲ್ಲ ಎಂದು ಬೇರೆ ಓದಿಕೊಂಡಿದ್ದೆ. ನಾಲ್ಕನೆಯ ದಿನ ರೋಗಿ ಮಲಗಿ ಮೋಜಣಿದಾರ ಎದ್ದ.

ಶೇಕಡಾ 8 ಎಂದರೆ ನನ್ನ ಲೆಕ್ಕದಲ್ಲಿ 2.1 ಮಿಲಿಮೀಟರ್ ಇದ್ದದ್ದು 1.93 ಆಗಿದೆ. ವ್ಯತ್ಯಾಸ 0.17. ಮೊದಲ ಸ್ಕ್ಯಾನಿನ ಒಂದು ಚುಕ್ಕೆಯ ಅಗಲವೇ 0.4. ಸಾವಿರಾರು ಚುಕ್ಕೆಗಳ ಸರಾಸರಿ ತೆಗೆದರೆ ಅರ್ಧ ಚುಕ್ಕೆಗಿಂತ ಸಣ್ಣದನ್ನೂ ಅಳೆಯಬಹುದು, ಒಪ್ಪುತ್ತೇನೆ. ಆದರೆ ಸರಾಸರಿ ಅಳಿಸುವುದು ಅತ್ತಿತ್ತ ತೂಗುವ ದೋಷವನ್ನು. ಒಂದೇ ಕಡೆಗೆ ವಾಲುವ ದೋಷವನ್ನಲ್ಲ. ಸರಪಳಿಯ ಒಂದು ಕೊಂಡಿ ಹಿಗ್ಗಿದ್ದರೆ ಸಾವಿರ ಸಲ ಅಳೆದರೂ ತಪ್ಪು ಅಷ್ಟೇ ಇರುತ್ತದೆ. ಸವೆತ ಇರುವ ಮಂಡಿಗಳಲ್ಲೂ ಮೃದ್ವಸ್ಥಿ ಸರಾಸರಿ ವರ್ಷಕ್ಕೆ ಶೇಕಡಾ ಒಂದೆರಡು ತೆಳುವಾಗುತ್ತದೆ. ಅದೇ ಮಂಡಿಯನ್ನು ಅದೇ ಯಂತ್ರದಲ್ಲಿ ಜಾಗರೂಕತೆಯಿಂದ ಮತ್ತೆ ಅಳೆದರೂ ಶೇಕಡಾ ಎರಡು ಮೂರರಷ್ಟು ಹೆಚ್ಚುಕಡಿಮೆ ಬರುವುದು ಸಾಮಾನ್ಯ. ಹುಡುಕುತ್ತಿರುವ ಬದಲಾವಣೆಯೂ ಅಳತೆಯ ಅಲುಗಾಟವೂ ಒಂದೇ ಗಾತ್ರದವು. ಇಲ್ಲಿ ಯಂತ್ರವೇ ಬೇರೆ, ಪದರದ ದಪ್ಪವೇ ಬೇರೆ.

ಹೊತ್ತೂ ಬೇರೆ. ಮೃದ್ವಸ್ಥಿಯ ತೂಕದಲ್ಲಿ ಮುಕ್ಕಾಲು ಪಾಲಿನ ಹತ್ತಿರ ನೀರು. ಭಾರ ಬಿದ್ದಾಗ ನೀರು ಹಿಂಡಿಕೊಂಡು ಹೊರಗೆ ಹೋಗುತ್ತದೆ, ವಿಶ್ರಾಂತಿ ಸಿಕ್ಕಾಗ ಮತ್ತೆ ಹೀರಿಕೊಳ್ಳುತ್ತದೆ. ದಿನವಿಡೀ ನಡೆದ ಮಂಡಿಯಲ್ಲಿ ಸಂಜೆ ಅದು ಬೆಳಗಿಗಿಂತ ತುಸು ತೆಳುವಾಗಿರುತ್ತದೆ. ನಮ್ಮ 30 ಮೀಟರ್ ಉಕ್ಕಿನ ಟೇಪು ಒಂದು ಡಿಗ್ರಿ ಬಿಸಿಯೇರಿದರೆ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು ಉದ್ದವಾಗುತ್ತದೆ. ಅದಕ್ಕೇ ಅಳತೆಯ ಪಕ್ಕದಲ್ಲಿ ಆ ಹೊತ್ತಿನ ತಾಪಮಾನ ಬರೆಯುತ್ತೇವೆ. ನನ್ನ ಮೊದಲ ಸ್ಕ್ಯಾನ್ ಬೆಳಿಗ್ಗೆ ಒಂಬತ್ತಕ್ಕೆ ಆಗಿತ್ತು. ಇವರು ಎರಡೂ ಸಲ ಹೊತ್ತು ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ, ಕಡತದ ತಲೆಬರಹದಲ್ಲೇ ಬರೆದಿರುತ್ತದೆ.

ಆದರೆ ನನಗೆ ನಿದ್ದೆ ವಾಪಸು ತಂದದ್ದು ಇವು ಯಾವುವೂ ಅಲ್ಲ. ಒಂಬತ್ತನೆಯ ಪುಟದ ಕೋಷ್ಟಕ. ಒಳಭಾಗ ಶೇಕಡಾ 8 ಇಳಿದಿತ್ತು, ಸರಿ. ನೋವೇ ಇಲ್ಲದ, ಮೊದಲ ವರದಿಯಲ್ಲಿ ನೀಲಿಯಾಗಿ ಹೊಳೆಯುತ್ತಿದ್ದ ಹೊರಭಾಗ? ಅದೂ ಶೇಕಡಾ 7 ಇಳಿದಿತ್ತು. ಮಂಡಿಚಿಪ್ಪಿನ ಹಿಂಭಾಗ ಶೇಕಡಾ 8. ಮೂಳೆಯ ಮೇಲ್ಮೈ ವಿಸ್ತೀರ್ಣವೂ ಶೇಕಡಾ 3 ಕುಗ್ಗಿತ್ತು! 59ರ ಗಂಡಸಿನ ತೊಡೆಮೂಳೆ ಹದಿನಾಲ್ಕು ತಿಂಗಳಲ್ಲಿ ಕುಗ್ಗುವುದಿಲ್ಲ. ಹಾಳೆಯ ಮೇಲಿನ ಎಲ್ಲ ಮಟ್ಟಗಳೂ ಒಂದೇ ಸಮನೆ ಇಳಿದಿದ್ದರೆ ಊರು ಕುಸಿದಿಲ್ಲ, ಎಲ್ಲ ಮಟ್ಟಗಳಿಗೂ ಆಧಾರವಾದ ಗುರುತು, ಬೆಂಚ್‌ಮಾರ್ಕ್, ಜರುಗಿದೆ. ಕಸುಬಿಗೆ ಸೇರಿದ ಮೊದಲ ತಿಂಗಳಲ್ಲೇ ಹುಡುಗರಿಗೆ ಇದು ಗೊತ್ತಾಗುತ್ತದೆ. ಒಳಭಾಗದಿಂದ ಹೊರಭಾಗವನ್ನು ಕಳೆದರೆ ಉಳಿಯುವುದು ಶೇಕಡಾ ಒಂದೇ ಒಂದು. ಅದೂ ದೋಷದ ಒಳಗೇ.

ಬರೆದೆ. ಹನ್ನೊಂದು ದಿನಗಳ ನಂತರ ಉತ್ತರ ಬಂತು: ಬೇರೆ ಬೇರೆ ಯಂತ್ರಗಳ ಸ್ಕ್ಯಾನುಗಳನ್ನು ಹೋಲಿಸಬಾರದೆಂದು ಹದಿಮೂರನೆಯ ಪುಟದ ಅಡಿಟಿಪ್ಪಣಿಯಲ್ಲಿ ಹೇಳಿದ್ದೇವಲ್ಲ. ಭೂತಗನ್ನಡಿ ಹಿಡಿದು ನೋಡಿದೆ, ಹೌದು, ಹೇಳಿದ್ದರು. ಬಾಣ ಮೊದಲ ಪುಟದಲ್ಲಿ ಹೆಬ್ಬೆರಳಿನ ಗಾತ್ರ, ಬಾಣವನ್ನು ನಂಬಬೇಡಿ ಎಂಬ ಮಾತು ಹದಿಮೂರನೆಯ ಪುಟದಲ್ಲಿ ಇರುವೆಯ ಗಾತ್ರ. ಮತ್ತೊಮ್ಮೆ ಬರೆದ ಮೇಲೆ ಬಾಣ ತೆಗೆದ ವರದಿ ಕಳುಹಿಸಿದರು. ಮೂರು ರಾತ್ರಿಗಳ ಬಗ್ಗೆ ಏನೂ ಹೇಳಲಿಲ್ಲ. ಒಂದೂವರೆ ಅಂಕ ಕಳೆದದ್ದು ಅಲ್ಲಿ.

ಎರಡನೆಯ ವರದಿಯಲ್ಲಿ ಟಿ2 ನಕಾಶೆ ಎಂಬ ಹೆಚ್ಚುವರಿ ಪದರವೂ ಇತ್ತು. ಇದು ದಪ್ಪದ ಲೆಕ್ಕವಲ್ಲ, ಮೃದ್ವಸ್ಥಿಯೊಳಗಿನ ನೀರು ಮತ್ತು ಕೊಲ್ಯಾಜೆನ್ ನಾರುಗಳ ಸ್ಥಿತಿಯ ಲೆಕ್ಕ, ಮಿಲಿಸೆಕೆಂಡುಗಳಲ್ಲಿ. ನಾರುಗಳ ಹೆಣಿಗೆ ಸಡಿಲವಾಗಿ ನೀರು ಹೆಚ್ಚಾದರೆ ಟಿ2 ಏರುತ್ತದೆ. ತೆಳುವಾಗುವ ಮುಂಚೆಯೇ ಸುಳಿವು ಸಿಗಬಹುದು ಎಂಬುದು ಆಸೆ. ವಿದ್ಯೆ ಸೊಗಸಾದದ್ದೇ. ನನ್ನ ನಕಾಶೆಯಲ್ಲಿ ತೊಡೆಮೂಳೆಯ ಬಾಗಿದ ಕಡೆ ಕಿತ್ತಳೆ ಪಟ್ಟೆಯೊಂದು ಕಂಡಿತು, "ಗಮನಿಸಿ" ಎಂಬ ಚೀಟಿಯೊಡನೆ. ನಾರುಗಳು ಯಂತ್ರದ ಕಾಂತಕ್ಷೇತ್ರಕ್ಕೆ ಸುಮಾರು 55 ಡಿಗ್ರಿ ಓರೆಯಾಗಿದ್ದರೆ ಮೃದ್ವಸ್ಥಿ ಆರೋಗ್ಯವಾಗಿದ್ದರೂ ಟಿ2 ಏರಿ ಕಾಣುತ್ತದೆ. ಇದಕ್ಕೆ ಮಾಯಾಕೋನ ಎನ್ನುತ್ತಾರೆ. ದುಂಡಗಿನ ಮೂಳೆಯ ಮೇಲೆ ಎಲ್ಲೋ ಒಂದು ಕಡೆ ಆ ಕೋನ ಬಂದೇ ಬರುತ್ತದೆ. ನನ್ನ ಪಟ್ಟೆ ಅದೇ ಜಾಗದ್ದೆಂದು ರೇಡಿಯಾಲಜಿಸ್ಟ್ ನೋಡಿದ ಕೂಡಲೇ ಹೇಳಿದರು. ಚೀಟಿ ಅಂಟಿಸಿದ ತಂತ್ರಾಂಶಕ್ಕೆ ಅದು ಗೊತ್ತಿರಲಿಲ್ಲ. ಈ ಪದರಕ್ಕೆ ಸದ್ಯ ದುಡ್ಡು ದಂಡ.

"ಮಂಡಿಯ ವಯಸ್ಸು" ಎಂಬ ಅಂಕಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಕೋಪ ಬರುತ್ತದೆ. ಮೃದ್ವಸ್ಥಿಯಲ್ಲಿ ನರಗಳೇ ಇಲ್ಲ. ನೋವು ಬರುವುದು ಸುತ್ತಲಿನ ಮೂಳೆ, ಪೊರೆ, ಸ್ನಾಯುಗಳಿಂದ. ನೋವೂ ಪೆಟ್ಟೂ ಇಲ್ಲದ ಮಂಡಿಗಳ ಎಂಆರ್‌ಐ ಅಧ್ಯಯನಗಳನ್ನೆಲ್ಲ ಒಟ್ಟು ಸೇರಿಸಿ 2019ರಲ್ಲಿ ಲೆಕ್ಕ ಹಾಕಿದಾಗ, 40 ದಾಟಿದವರಲ್ಲಿ ಶೇಕಡಾ 43ರಷ್ಟು ಮಂಡಿಗಳಲ್ಲಿ ಮೃದ್ವಸ್ಥಿಯ ದೋಷ ಕಂಡಿತ್ತು. ಅವರೆಲ್ಲ ಆರಾಮವಾಗಿ ಓಡಾಡಿಕೊಂಡಿದ್ದವರು. ನನ್ನ ಗೆಳೆಯನೊಬ್ಬ ನೋವಿಲ್ಲದಿದ್ದರೂ ನನ್ನ ವರದಿಯ ಬಣ್ಣ ನೋಡಿ ಮರುಳಾಗಿ ತನ್ನದನ್ನೂ ಮಾಡಿಸಿದ. ಅವನ ಮಂಡಿಯ ವಯಸ್ಸು 71 ಬಂತು. ಈಗ ಮೆಟ್ಟಿಲು ಕಂಡರೆ ಕಂಬಿ ಹುಡುಕುತ್ತಾನೆ. ನೋವಿಲ್ಲದವರು ಕೊಳ್ಳಬೇಡಿ, ಅಷ್ಟೇ.

ನೋವಿರುವವರಿಗೆ? ನನ್ನ ಫಿಸಿಯೊಥೆರಪಿಸ್ಟ್ ನಕಾಶೆಯನ್ನು ಹತ್ತು ಸೆಕೆಂಡು ನೋಡಿ ಪಕ್ಕಕ್ಕಿಟ್ಟು, "ಕೈ ಊರದೆ ಕುರ್ಚಿಯಿಂದ ಐದು ಸಲ ಎದ್ದು ಕುಳಿತುಕೊಳ್ಳಿ" ಎಂದರು. ನಾಲ್ಕನೆಯದಕ್ಕೆ ತೊಡೆ ನಡುಗಿತು. ಚಿಕಿತ್ಸೆ ಅಲ್ಲಿಂದ ಶುರುವಾಯಿತು: ತೊಡೆಯ ಸ್ನಾಯು ಬಲಪಡಿಸುವುದು, ತೂಕ ಇಳಿಸುವುದು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ನಾಲ್ಕು ಕಿಲೋದಷ್ಟು ತಗ್ಗುತ್ತದೆ ಎಂದು 2005ರ ಒಂದು ಅಧ್ಯಯನ ತೋರಿಸಿದೆ. ನಾನು ಆರು ಇಳಿದಿದ್ದೇನೆ. ಇದಕ್ಕೆ ಯಾವ ನಕಾಶೆಯೂ ಬೇಕಿರಲಿಲ್ಲ. ಒಂದು ಕಡೆ ಮಾತ್ರ ಉಪಯೋಗಕ್ಕೆ ಬಂತು. ಮುಂದೆ ಶಸ್ತ್ರಚಿಕಿತ್ಸೆ ಬೇಕಾದರೆ ಇಡೀ ಕೀಲನ್ನೇ ಬದಲಿಸಬೇಕೇ, ಒಳಭಾಗವೊಂದನ್ನೇ ಸರಿಪಡಿಸಿದರೆ ಸಾಕೇ ಎಂಬ ಮಾತು ಬಂದಾಗ, ಮೂಳೆ ತಜ್ಞರು ಮೊದಲ ವರದಿಯ ಹೊರಭಾಗದ ನೀಲಿಯನ್ನೂ ಅದರ ಕೆಳಗಿನ ಹಳದಿ ಗೆರೆಗಳನ್ನೂ ಬಹಳ ಹೊತ್ತು ನೋಡಿದರು. ಬಾಣವನ್ನೂ ವಯಸ್ಸನ್ನೂ ಅವರು ನೋಡಲಿಲ್ಲ.

ಮೂರನೆಯ ಸಲವೂ ಕೊಳ್ಳುವವನಿದ್ದೇನೆ, ಆದರೆ ಈ ಸಲ ಮೋಜಣಿ ನನ್ನ ಕ್ರಮದಲ್ಲಿ. ಎರಡನೆಯ ಸ್ಕ್ಯಾನಿನ ಯಂತ್ರವೇ, ಅದೇ ಪದರದ ದಪ್ಪ, ಆದರೆ ಬೆಳಿಗ್ಗೆ. ಇನ್ನು ಮುಂದೆ ನನ್ನ ಬೆಂಚ್‌ಮಾರ್ಕ್ ಇದೇ. ಹೋಗುವ ಮುಂಚೆ ಅರ್ಧ ಗಂಟೆ ಕುಳಿತಿರುತ್ತೇನೆ. ಸ್ಕ್ಯಾನ್ ಮುಗಿದ ಮೇಲೆ ಮೇಜಿನಿಂದ ಇಳಿಸಿ, ಮತ್ತೆ ಮಲಗಿಸಿ, ಅದೇ ಚಿತ್ರವನ್ನು ಇನ್ನೊಮ್ಮೆ ತೆಗೆಯಲು ಸಾಧ್ಯವೇ ಎಂದು ತಂತ್ರಜ್ಞರನ್ನು ಕೇಳಿದೆ. ಯಾಕೆ ಎಂದರು. ಹತ್ತು ನಿಮಿಷದಲ್ಲಿ ನನ್ನ ಮೃದ್ವಸ್ಥಿ ಎಷ್ಟು ಸವೆಯುತ್ತದೆ ಎಂದು ನೋಡಬೇಕು ಎಂದೆ. ನಕ್ಕರು, ಒಪ್ಪಿದರು. ಎರಡನ್ನೂ ಬೇರೆ ಬೇರೆ ಹೆಸರಿನಲ್ಲಿ ಸೇವೆಗೆ ಕಳುಹಿಸುತ್ತೇನೆ. ಬಾಣ ಯಾವ ಕಡೆ ತಿರುಗುತ್ತದೋ ನೋಡೋಣ.